ಡೀಪ್ ಕ್ಲೀನಿಂಗ್ ಆದಮೇಲೆ ಹಲ್ಲು ಜುಮ್ ಅಂದರೆ: ನನ್ನ ಅನುಭವ

ವಸಡಿನ ಡೀಪ್ ಕ್ಲೀನಿಂಗ್‌ಗೆ, ಅಂದರೆ ವಸಡಿನಡಿ ಹಲ್ಲಿಗೆ ಗಟ್ಟಿಯಾಗಿ ಅಂಟಿದ ಕರೆ ತೆಗೆಸಲು, ಬಂದವರಿಗೆ ಮರಗಟ್ಟುವ ಇಂಜೆಕ್ಷನ್ ಕೊಡುವ ಮೊದಲೇ ನಾನು ಹೇಳಿಬಿಡುತ್ತೇನೆ: "ಇನ್ನು ಕೆಲವು ದಿನ ತಣ್ಣೀರು ತಾಗಿದರೆ ಹಲ್ಲು ಜುಮ್ ಅನ್ನುತ್ತೆ. ಹೆದರಿ ಬ್ರಷ್ ಮಾತ್ರ ಬಿಡಬೇಡಿ." ಕೊಡಗಿನ ಗೋಣಿಕೊಪ್ಪದಲ್ಲಿ ಹಲ್ಲಿನ ಕ್ಲಿನಿಕ್ ನಡೆಸುತ್ತಾ ನಾನು ಕಂಡಿದ್ದೇನೆಂದರೆ, ಮೊದಲೇ ಗೊತ್ತಿದ್ದವರು ತಡೆದುಕೊಳ್ಳುತ್ತಾರೆ. ಗೊತ್ತಿಲ್ಲದವರು ಕ್ಲೀನ್ ಮಾಡಿಸಿಯೇ ಹಲ್ಲು ಹಾಳಾಯಿತೆಂದುಕೊಂಡು ಉಜ್ಜುವುದನ್ನೇ ನಿಲ್ಲಿಸುತ್ತಾರೆ. ವಸಡಿನ ಕಾಯಿಲೆ ಮರಳಿ ಬರುವುದು ಆಗಲೇ.

ಹಲ್ಲು ಹಾಳಾಗಿರುವುದಿಲ್ಲ. ಊದಿದ್ದ ವಸಡು ಬಾವು ಇಳಿದು ಬಿಗಿಯಾದಾಗ, ಕರೆಯಡಿ ಮುಚ್ಚಿಹೋಗಿದ್ದ ಬೇರು ಹೊರಗೆ ಕಾಣುತ್ತದೆ. ಬೇರಿಗೆ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಇಲ್ಲ. ಅಲ್ಲಿನ ಡೆಂಟಿನ್ ಎಂಬ ಒಳಪದರದಲ್ಲಿ ಕಣ್ಣಿಗೆ ಕಾಣದ ಕೊಳವೆಗಳಿವೆ. ತಂಪು, ಗಾಳಿ, ಹುಳಿ ತಾಗಿದರೆ ಅವುಗಳೊಳಗಿನ ದ್ರವ ಅಲುಗಿ ನರವನ್ನು ಕೆಣಕುತ್ತದೆ.

ರೊಬಸ್ಟಾ ಕಾಫಿ ಕೊಯ್ಲಿನ ಸಮಯದಲ್ಲಿ ತೋಟದ ಕೆಲಸದ ಹೆಂಗಸೊಬ್ಬರು ಬಂದರು. "ಡಾಕ್ಟ್ರೇ, ಬೆಳಿಗ್ಗೆ ಬಾಯಿ ಮುಕ್ಕಳಿಸಕ್ಕೇ ಆಗ್ತಿಲ್ಲ." ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯಿಂದ ನಾನೇ ದಪ್ಪ ಕರೆ ತೆಗೆದಿದ್ದೆ. ವಸಡು ತೆಳು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ವಸಡು ಪರೀಕ್ಷಿಸುವ ಸಣ್ಣ ಕಡ್ಡಿ (ಪ್ರೋಬ್) ಇಟ್ಟರೂ ರಕ್ತವಿಲ್ಲ. ಆದರೆ ವಸಡಿನಂಚಿಗೆ ಬೆಳ್ಳಗೆ ಪ್ಲಾಕ್, ಅಂದರೆ ಅಂಟಂಟು ಕೊಳೆ, ಕೂತಿತ್ತು. ನೋವಾಗುವ ಕಡೆ ಬ್ರಷ್ ಹೋಗಿರಲಿಲ್ಲ. ಕನ್ನಡಿಯಲ್ಲಿ ತೋರಿಸಿ, "ಅಕ್ಕ, ಇದು ಕೂತಷ್ಟೂ ಜುಮ್ ಜಾಸ್ತಿಯಾಗುತ್ತೆ" ಅಂದೆ. ಗಾಳಿ ಊದಿದರೆ ಬೆಚ್ಚಿಬೀಳುತ್ತಾರೆಂದು ಹತ್ತಿಯಿಂದಲೇ ಒರೆಸಿ, ಜುಮ್ ತಗ್ಗಿಸುವ ಫ್ಲೋರೈಡ್ ವಾರ್ನಿಷ್ ಲೇಪ ಹಚ್ಚಿದೆ. ಅಂದು ರಾತ್ರಿ ಉಜ್ಜಬೇಡಿ, ನಾಳೆಯಿಂದ ಬಿಡಬೇಡಿ ಎಂದೆ.

ಮನೆಗೆ ಹೇಳಿಕೊಟ್ಟದ್ದು ಇಷ್ಟು. ಮೆತ್ತನೆಯ ಬ್ರಷ್, ಉಗುರುಬೆಚ್ಚಗಿನ ನೀರು, 5% ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್. ರಾತ್ರಿ ಉಜ್ಜಿದ ಮೇಲೆ ಅದೇ ಪೇಸ್ಟನ್ನು ಬೆರಳ ತುದಿಯಲ್ಲಿ ಬೇರಿನ ಜಾಗಕ್ಕೆ ಸವರಿ, ಉಗಿದು, ನೀರು ಹಾಕದೆ ಮಲಗಬೇಕು. ಈ ಪೇಸ್ಟ್ ನರವನ್ನು ಶಾಂತ ಮಾಡಲು 2ರಿಂದ 4 ವಾರ ಬೇಕು. ಮೂರು ದಿನಕ್ಕೆ ಫಲ ಕಾಣದೆ ಪೇಸ್ಟ್ ಬದಲಿಸುವವರೇ ಹೆಚ್ಚು, ಅದು ನನಗೆ ಬೇಸರದ ಸಂಗತಿ. ಬೂದಿ, ಇದ್ದಿಲು, ಉಪ್ಪಿನಲ್ಲಿ ತಿಕ್ಕುವುದು ಬೇಡವೇ ಬೇಡ, ಬೇರು ಸವೆಯುತ್ತದೆ.

ಊಟದ ವಿಷಯದಲ್ಲಿ ನಾನು ಕಟ್ಟುನಿಟ್ಟಲ್ಲ. ಪಂದಿಕರಿಗೆ (ಹಂದಿ ಮಾಂಸದ ಸಾರಿಗೆ) ಹಾಕುವ ಹುಳಿ, ಕಾಚಂಪುಳಿ, ಬಿಡಿ ಎಂದು ಕೊಡಗಿನಲ್ಲಿ ಹೇಳಿದರೆ ಯಾರು ಕೇಳುತ್ತಾರೆ, ಹೇಳುವ ಅಗತ್ಯವೂ ಇಲ್ಲ. ದಿನವಿಡೀ ಕಿತ್ತಳೆ ತೊಳೆ ಚೀಪುತ್ತಿರುವುದು ಅದಕ್ಕಿಂತ ಕೆಟ್ಟದ್ದು. ಹುಳಿ ತಿಂದರೆ ನೀರಲ್ಲಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಕಳೆದ ಮೇಲೆ ಉಜ್ಜಿ. ಇನ್ನೊಂದು, ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬರೆದುಕೊಟ್ಟಿದ್ದರೆ ಹೇಳಿದಷ್ಟೇ ದಿನ ಬಳಸಿ. ಕಾಫಿ ಕುಡಿಯುವವರ ಹಲ್ಲಿಗೆ ಅದರಿಂದ ಕಂದು ಕಲೆ ಬೇಗ ಹತ್ತುತ್ತದೆ. ಹೊಗೆಸೊಪ್ಪು ಹಾಕುವವರ ವಸಡು ಸರಿಯಾಗಿ ಮಾಯುವುದಿಲ್ಲ, ಅದನ್ನು ನೇರವಾಗಿಯೇ ಹೇಳುತ್ತೇನೆ.

ತಣ್ಣನೆಯದು ತಾಗಿ ಕ್ಷಣದಲ್ಲಿ ಹೋಗುವ ಜುಮ್ಮಿಗೆ ಕಾಯಬಹುದು. ರಾತ್ರಿ ತಾನಾಗಿ ಎದ್ದು ಬಡಿಯುವ ನೋವು, ಬಿಸಿ ಕಾಫಿ ಕುಡಿದ ಮೇಲೂ ನಿಲ್ಲದ ನೋವು, ಕಚ್ಚಿದರೆ ಒಂದೇ ಹಲ್ಲಿಗೆ ನೋವು, ಕೀವು ಇದ್ದರೆ ಕಾಯಬೇಡಿ. ಹಲ್ಲಿನ ನರವನ್ನೋ ವಸಡನ್ನೋ ಕೂಡಲೇ ನೋಡಬೇಕಾಗುತ್ತದೆ.

ಕೊಯ್ಲು ಮುಗಿಸಿ ಆ ಅಕ್ಕ ಮತ್ತೆ ಬಂದಾಗ ಅಂಚಿನ ಪ್ಲಾಕ್ ಹೋಗಿತ್ತು. ಒಂದು ಹಲ್ಲು ಮಾತ್ರ ಇನ್ನೂ ತಂಪು ತಡೆಯುತ್ತಿರಲಿಲ್ಲ. ಅದರ ಬೇರಿಗೆ ಬಾಂಡಿಂಗ್ ಎಂಬ ಮುಚ್ಚುವ ಲೇಪ ಹಚ್ಚಿ, ಮೂರು ತಿಂಗಳಿಗೆ ಬರಲು ಹೇಳಿದೆ.