ಮೆಂಬ್ರೇನ್ ಡಿಸ್ಟಿಲೇಷನ್: ಲ್ಯಾಬಿನಲ್ಲಿ ಮಾಡಿ ನೋಡುವುದು ಹೇಗೆ?

ಬಿಸಿ ಉಪ್ಪುನೀರಿನ ಆವಿಯನ್ನು ಮಾತ್ರ ಸಣ್ಣ ರಂಧ್ರಗಳ ತೆಳು ಹಾಳೆಯ (ಮೆಂಬ್ರೇನ್) ಮೂಲಕ ದಾಟಿಸಿ, ತಣ್ಣನೆಯ ಬದಿಯಲ್ಲಿ ಶುದ್ಧ ನೀರಾಗಿ ಹಿಡಿಯುವುದೇ ಮೆಂಬ್ರೇನ್ ಡಿಸ್ಟಿಲೇಷನ್. ಮೊದಲು ಮೆಂಬ್ರೇನ್ ಸರಿಯಾಗಿ ಆರಿಸಿ. ನೀರು ಅಂಟದ ಪಿಟಿಎಫ್‌ಇ (ಟೆಫ್ಲಾನ್) ಹಾಳೆ ಬೇಕು, ರಂಧ್ರ 0.2 ಮೈಕ್ರಾನ್ ಆಸುಪಾಸು ಇರಲಿ. ಕೆಸುವಿನ ಎಲೆಗೆ ನೀರು ಅಂಟಲ್ಲ ಅಲ್ವಾ, ಹಾಗೆಯೇ ಇದರ ರಂಧ್ರಕ್ಕೂ ನೀರು ಇಳಿಯುವುದಿಲ್ಲ, ಆವಿ ಮಾತ್ರ ದಾಟುತ್ತದೆ.

ಹಾಳೆಯನ್ನು ಸೆಲ್‌ನಲ್ಲಿ (ಹಾಳೆಯ ಎರಡೂ ಬದಿಗೆ ನೀರು ಹರಿಯಲು ಜಾಗವಿರುವ ಪೆಟ್ಟಿಗೆ) ಬಿಗಿಯಾಗಿ ಕೂರಿಸಿ, ಒಂದು ಬದಿಗೆ 60 ಡಿಗ್ರಿಗೆ ಕಾಯಿಸಿದ ಉಪ್ಪುನೀರು (ಸಮುದ್ರದಲ್ಲಿರುವಂತೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು), ಇನ್ನೊಂದು ಬದಿಗೆ 20 ಡಿಗ್ರಿಯ ಡಿಸ್ಟಿಲ್ಡ್ ವಾಟರ್, ಎರಡೂ ಎದುರು ದಿಕ್ಕಿನಲ್ಲಿ ಹರಿಯುವಂತೆ ಪಂಪ್ ಹಾಕಿ. ಕುದಿಸಬೇಕಿಲ್ಲ! ಸೋಲಾರ್ ಹೀಟರಿನ ಬಿಸಿಯೇ ಸಾಕಾಗುತ್ತದೆ, ನನಗೆ ಈ ವಿಧಾನ ಇಷ್ಟವಾಗಲು ಅದೇ ಕಾರಣ. ಒತ್ತಡ ಜಾಸ್ತಿ ಮಾಡಬೇಡಿ.

ತಣ್ಣನೆಯ ಬದಿಯಲ್ಲಿ ಕಂಡಕ್ಟಿವಿಟಿ ಮೀಟರ್ (ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ಅಳೆದು ಉಪ್ಪಿನ ಸುಳಿವು ಕೊಡುವ ಉಪಕರಣ) ಇಟ್ಟು ಅದರ ಮೇಲೇ ಕಣ್ಣಿಡಿ. ರೀಡಿಂಗ್ ಏರುತ್ತಾ ಹೋದರೆ ಉಪ್ಪುನೀರು ರಂಧ್ರದೊಳಗೆ ನುಗ್ಗಿದೆ ಅಂತ ಅರ್ಥ, ಆಗ ನಿಲ್ಲಿಸಿ, ಹಾಳೆಯನ್ನು ತೊಳೆದು ಪೂರ್ತಿ ಒಣಗಿಸಿ. ಸೋಪು, ಎಣ್ಣೆ ಸ್ವಲ್ಪವೂ ಸೇರಬಾರದು.

ವಿಕಿರಣ ತ್ಯಾಜ್ಯದ ನೀರಿಗೂ ತತ್ವ ಇದೇ. ಅದರಲ್ಲಿ ಕರಗಿರುವ ಸೀಸಿಯಂ, ಸ್ಟ್ರಾಂಷಿಯಂ, ಕೋಬಾಲ್ಟ್‌ನಂಥ ವಿಕಿರಣಶೀಲ ಧಾತುಗಳು ಆವಿಯಾಗುವುದಿಲ್ಲ, ಬಿಸಿ ಬದಿಯಲ್ಲೇ ಉಳಿಯುತ್ತವೆ. ಹಾಗೆ ಉಳಿದ ಸಾಂದ್ರ ದ್ರಾವಣವನ್ನು ಸಿಮೆಂಟಿನಲ್ಲಿ ಬೆರೆಸಿ ಗಟ್ಟಿ ಮಾಡಬಹುದು. ಆದರೆ ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) ನೀರಿನ ಅಣುವಿನಲ್ಲೇ ಸೇರಿರುವುದರಿಂದ ಆವಿಯ ಜೊತೆ ದಾಟಿಬಿಡುತ್ತದೆ, ಅದನ್ನು ಇದರಿಂದ ತೆಗೆಯಲಾಗದು. ಕಾಲೇಜು ಲ್ಯಾಬಿನಲ್ಲಿ ವಿಕಿರಣವಿಲ್ಲದ ಸೀಸಿಯಂ ಕ್ಲೋರೈಡ್ ಬಳಸಿಯೇ ಪ್ರಯೋಗ ಮಾಡಿ. ನಿಜವಾದ ತ್ಯಾಜ್ಯವನ್ನು ಪರವಾನಗಿ ಇರುವ ಕೇಂದ್ರ ಬಿಟ್ಟು ಬೇರೆಲ್ಲೂ ಮುಟ್ಟಲೇಬಾರದು.