ಸಿಬ್ಬಂದಿ ತಾರತಮ್ಯ ಮಾಡಿದರೆಂಬ ದೂರನ್ನು ನಾನು ವಿಚಾರಿಸುವ ರೀತಿ

ತಾರತಮ್ಯದ ದೂರು ಬಂದ ಕೂಡಲೇ ಬಹಳ ಕಚೇರಿಗಳಲ್ಲಿ ಆಗುವ ಮೊದಲ ಕೆಲಸ, ಆ ಸಿಬ್ಬಂದಿಯನ್ನು ಕರೆದು ‘ಏನ್ರೀ ಇದು?’ ಎಂದು ಕೇಳುವುದು. ವಿಚಾರಣೆ ಕೆಡುವುದೂ ಅಲ್ಲೇ. ‘ನಾನು ಎಲ್ಲರನ್ನೂ ಒಂದೇ ರೀತಿ ನೋಡ್ತೀನಿ ಸಾರ್’ ಎನ್ನುತ್ತಾರೆ, ಅದನ್ನೇ ಬರೆದುಕೊಡುತ್ತಾರೆ, ‘ಆರೋಪ ಸಾಬೀತಾಗಿಲ್ಲ’ ಎಂಬ ಷರಾ ಬಿದ್ದು ಕಡತ ಮುಚ್ಚುತ್ತದೆ. ಒಬ್ಬರ ಮನಸ್ಸಿನಲ್ಲಿ ಏನಿತ್ತು ಎಂದು ಅವರ ಬಾಯಿಂದಲೇ ತಿಳಿಯಲು ಹೊರಟರೆ ಬೇರೇನು ಸಿಕ್ಕೀತು? ನಾನು ಸಿಬ್ಬಂದಿಯನ್ನು ಕೊನೆಯಲ್ಲಿ ಕರೆಯುತ್ತೇನೆ. ಅದಕ್ಕೂ ಮುಂಚೆ ದಾಖಲೆಗಳ ಸರದಿ.

ದೂರು ಬರೆದುಕೊಳ್ಳುವಾಗ ದೂರುದಾರರ ಮಾತನ್ನು ಅವರದೇ ಶಬ್ದಗಳಲ್ಲಿ ಇಳಿಸಬೇಕು. ‘ಇಂಥವರಿಗೆಲ್ಲ ಇಲ್ಲಿ ಕೆಲಸ ಆಗಲ್ಲ, ಆಚೆ ನಿಲ್ಲು’ ಎಂದರು ಅಂತ ಹೇಳಿದ್ದನ್ನು ‘ಒರಟಾಗಿ ವರ್ತಿಸಿದರು’ ಎಂದು ನಯಗೊಳಿಸಿದರೆ ಅದು ದುರ್ವರ್ತನೆಯ ದೂರಾಗಿ ಬೇರೆ ರಿಜಿಸ್ಟರಿಗೆ ಹೋಗುತ್ತದೆ, ತಾರತಮ್ಯದ ಲೆಕ್ಕಕ್ಕೆ ಬರುವುದೇ ಇಲ್ಲ. ಬ್ರಿಟನ್ನಿನಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಯುವಕನ ಕೊಲೆಯ ತನಿಖೆ ಹೇಗೆ ಹಳ್ಳ ಹಿಡಿಯಿತು ಎಂದು ಪರಿಶೀಲಿಸಿದ ಮ್ಯಾಕ್‌ಫರ್ಸನ್ ವರದಿ (1999) ಇದಕ್ಕೇ ಒಂದು ದಾರಿ ತೋರಿಸಿತ್ತು: ಬಾಧಿತರಿಗಾಗಲಿ ಇನ್ನಾರಿಗಾಗಲಿ ಒಂದು ಘಟನೆ ಜನಾಂಗೀಯ ಎನಿಸಿದರೆ ಅದನ್ನು ಹಾಗೆಯೇ ದಾಖಲಿಸಿ ತನಿಖೆ ನಡೆಸಬೇಕು. ದಾಖಲಿಸಿದ ಮಾತ್ರಕ್ಕೆ ತಪ್ಪು ಒಪ್ಪಿದಂತಲ್ಲ. ಈ ವ್ಯತ್ಯಾಸ ತಿಳಿಯದ ಮೇಲಧಿಕಾರಿಗಳೇ ತಲೆಬರಹ ಬದಲಿಸಲು ಒತ್ತಾಯ ಮಾಡುತ್ತಾರೆ.

ಕೇಳಬೇಕಾದ್ದು ಇಷ್ಟು: ಯಾವ ಕೆಲಸಕ್ಕೆ ಬಂದಿರಿ, ಯಾವ ಕೌಂಟರು, ಎಷ್ಟು ಹೊತ್ತಿಗೆ, ಟೋಕನ್ ಸಂಖ್ಯೆ ಏನು, ನಿಮ್ಮ ಹಿಂದೆ ಮುಂದೆ ಇದ್ದವರಿಗೆ ಏನಾಯಿತು. ಎಲ್ಲರೂ ಬಿಡುವ ಪ್ರಶ್ನೆ ಇನ್ನೊಂದಿದೆ: ನಿಮಗೀಗ ಏನಾಗಬೇಕು? ಬಹಳ ಜನರಿಗೆ ಶಿಕ್ಷೆ ಕೊಡಿಸುವ ಆಸೆ ಇರುವುದಿಲ್ಲ, ನಿಂತುಹೋದ ಅರ್ಜಿ ಮುಂದೆ ಹೋದರೆ ಸಾಕಾಗಿರುತ್ತದೆ. ಆ ಕೆಲಸವನ್ನು ವಿಚಾರಣೆ ಮುಗಿಯುವ ತನಕ ಕಾಯಿಸದೆ ಬೇರೆ ಮೇಜಿನಿಂದ ಅಂದೇ ಶುರು ಮಾಡಿಸುತ್ತೇನೆ. ಹಲ್ಲೆ, ಬೆದರಿಕೆ, ಲೈಂಗಿಕ ಕಿರುಕುಳದಂಥ ಅಪರಾಧದ ಅಂಶವಿದ್ದರೆ ಅದು ಒಳಗೊಳಗೇ ರಾಜಿ ಮಾಡುವ ವಿಷಯವಲ್ಲ. ಪೊಲೀಸರಿಗೆ ಹೋಗುವ ಹಕ್ಕಿದೆ ಎಂದು ದೂರುದಾರರಿಗೆ ಆಗಲೇ ಹೇಳಬೇಕು.

ಮೊದಲ 24 ಗಂಟೆಯ ಕೆಲಸ ಎಂದರೆ ಅಳಿಸಿಹೋಗುವ ದಾಖಲೆಯನ್ನು ಹಿಡಿದಿಡುವುದು. ಸಿಸಿಟಿವಿ ರೆಕಾರ್ಡಿಂಗ್ ಹಲವು ಕಡೆ ಕೆಲವೇ ವಾರಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ. ಆದ್ದರಿಂದ ಘಟನೆಯ ಹಿಂದೆ ಮುಂದೆ ಒಂದೊಂದು ಗಂಟೆ ಸೇರಿಸಿ ನಕಲು ತೆಗೆಸಿ, ಯಾರು ಯಾವಾಗ ತೆಗೆದರೆಂದು ಸಹಿ ಹಾಕಿಸುತ್ತೇನೆ. ಟೋಕನ್ ಯಂತ್ರದ ಲಾಗ್, ತಂತ್ರಾಂಶದಲ್ಲಿ ಯಾವ ಲಾಗಿನ್‌ನಿಂದ ಏನು ನಮೂದಾಯಿತು ಎಂಬ ವಿವರ, ಅಂದಿನ ಕರ್ತವ್ಯ ಹಂಚಿಕೆ ಪಟ್ಟಿ, ಇವೂ ಜೊತೆಗೆ ಬೇಕು. ಇಲ್ಲಿ ಒಂದು ಸಣ್ಣ ವಿಷಯ ದೊಡ್ಡ ಪೇಚಿಗೆ ಸಿಲುಕಿಸುತ್ತದೆ: ಕ್ಯಾಮೆರಾ ಗಡಿಯಾರ ಮತ್ತು ಟೋಕನ್ ಯಂತ್ರದ ಗಡಿಯಾರ ಒಂದೇ ಹೊತ್ತು ತೋರಿಸುವುದು ಅಪರೂಪ. ಸರಿಯಾದ ಸಮಯ ತೋರಿಸುವ ಮೊಬೈಲನ್ನು ಕ್ಯಾಮೆರಾ ಮುಂದೆ ಹಿಡಿದು, ಎಷ್ಟು ನಿಮಿಷ ಹಿಂದೆ ಮುಂದೆ ಇದೆ ಎಂದು ಟಿಪ್ಪಣಿ ಮಾಡಿಕೊಳ್ಳಿ. ಟೋಕನ್ ಯಂತ್ರಕ್ಕೂ ಇದೇ ಪರೀಕ್ಷೆ. ಇಲ್ಲದಿದ್ದರೆ ‘ಆ ಹೊತ್ತಿಗೆ ಅವರು ಕೌಂಟರಿನಲ್ಲೇ ಇರಲಿಲ್ಲ’ ಎಂಬ ಒಂದೇ ಮಾತಿಗೆ ಇಡೀ ಸಾಕ್ಷ್ಯ ಬಿದ್ದುಹೋಗುತ್ತದೆ.

ಇನ್ನು ಹೋಲಿಕೆಯ ತಖ್ತೆ. ನನ್ನ ಸಮಯದ ಅರ್ಧ ಭಾಗ ಇದಕ್ಕೇ ಹೋಗುತ್ತದೆ, ಹೋಗಲೂಬೇಕು. ಅದೇ ಸಿಬ್ಬಂದಿ, ಅದೇ ಬಗೆಯ ಅರ್ಜಿ, ಘಟನೆಗೆ ಮುಂಚಿನ 20ರಿಂದ 30 ಕಡತಗಳನ್ನು ಕ್ರಮಸಂಖ್ಯೆ ಹಿಡಿದು, ಒಂದನ್ನೂ ಬಿಡದೆ ತೆಗೆಯುತ್ತೇನೆ. ಬೇಕಾದ್ದನ್ನು ಆರಿಸಿದರೆ ಬೇಕಾದ ಉತ್ತರವೇ ಬರುತ್ತದೆ. ಕಾಲಂಗಳು: ಸ್ವೀಕರಿಸಿದ ದಿನ, ಲಗತ್ತಿಸಿದ ದಾಖಲೆ, ಹೆಚ್ಚುವರಿಯಾಗಿ ಕೇಳಿದ ದಾಖಲೆ, ಎಷ್ಟು ಸಲ ಓಡಾಡಿಸಿದ್ದು, ವಿಲೇವಾರಿಗೆ ಹಿಡಿದ ದಿನ, ಫಲಿತಾಂಶ. ಹೊಸ ಅರ್ಜಿಯನ್ನೂ ನವೀಕರಣವನ್ನೂ ಬೆರೆಸಿದರೆ ತಖ್ತೆ ಕೆಟ್ಟಂತೆಯೇ, ಎರಡಕ್ಕೂ ನಿಯಮ ಬೇರೆ.

ಉದಾಹರಣೆಗೆ 24 ಕಡತಗಳಲ್ಲಿ 21ಕ್ಕೆ ವಾಸದ ಇನ್ನೊಂದು ದಾಖಲೆ ಕೇಳಿಲ್ಲ, ಮೂರಕ್ಕೆ ಮಾತ್ರ ಕೇಳಿದ್ದಾರೆ, ಆ ಮೂರೂ ಒಂದೇ ಸಮುದಾಯದವರದು ಎಂದುಕೊಳ್ಳೋಣ. ಸಂಖ್ಯೆ ಸಣ್ಣದು, ಇದರಿಂದಲೇ ತೀರ್ಪು ಕೊಡಲಾಗದು. ಆದರೆ ಪ್ರಶ್ನೆ ಈಗ ಕಚೇರಿಯ ಕಡೆ ತಿರುಗುತ್ತದೆ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯ 136ನೇ ಕಲಂ ಹೇಳುವುದೂ ಇದನ್ನೇ: ಬೇರೆ ವಿವರಣೆ ಇಲ್ಲದಿದ್ದರೆ ತಾರತಮ್ಯ ಎನ್ನಬಹುದಾದಷ್ಟು ಸಂಗತಿಗಳು ಎದುರಿಗಿದ್ದರೆ, ಅಲ್ಲವೆಂದು ತೋರಿಸುವ ಹೊಣೆ ಎದುರು ಪಕ್ಷದ್ದು. ಐರೋಪ್ಯ ಒಕ್ಕೂಟದ 2000ದ ಜನಾಂಗೀಯ ಸಮಾನತೆ ನಿರ್ದೇಶನದಲ್ಲೂ ಇದೇ ಸೂತ್ರವಿದೆ.

ಹೆಸರು ನೋಡಿ ಸಮುದಾಯ ಊಹಿಸುವ ಚಾಳಿ ಬೇಡ. ಅರ್ಜಿಯಲ್ಲೇ ನಮೂದಾಗಿದ್ದರೆ ಬಳಸಿ, ಇಲ್ಲದಿದ್ದರೆ ಆ ಕಾಲಂ ಖಾಲಿ ಬಿಟ್ಟು, ಖಾಲಿ ಯಾಕೆಂದು ಕೆಳಗೆ ಬರೆಯಿರಿ.

ಎಲ್ಲ 24 ಜನರನ್ನೂ ಒಂದೇ ಸಮ ಅಲೆದಾಡಿಸಿದ್ದರೆ? ವ್ಯಕ್ತಿಯ ಮೇಲಿನ ಆರೋಪ ಸಡಿಲವಾಗುತ್ತದೆ, ನಿಯಮದ ಮೇಲೆ ಅನುಮಾನ ಹುಟ್ಟುತ್ತದೆ. ಬೆರಳಚ್ಚು ಕಡ್ಡಾಯ ಎಂಬ ನಿಯಮ ಎಲ್ಲರಿಗೂ ಒಂದೇ. ಆದರೆ ಗಾರೆ ಕೆಲಸದಲ್ಲಿ ಬೆರಳು ಸವೆದವರಿಗೆ, ಕೈ ಇಲ್ಲದವರಿಗೆ ಅದು ಮುಚ್ಚಿದ ಬಾಗಿಲು. ಅಮೆರಿಕದ ಸುಪ್ರೀಂ ಕೋರ್ಟ್ 1971ರ ಗ್ರಿಗ್ಸ್ ಪ್ರಕರಣದಲ್ಲಿ ಎತ್ತಿಹಿಡಿದದ್ದು ಇದೇ ತತ್ವವನ್ನು: ಕೆಲಸಕ್ಕೆ ಸಂಬಂಧವೇ ಇಲ್ಲದ ಪ್ರೌಢಶಾಲಾ ಪ್ರಮಾಣಪತ್ರ, ಪರೀಕ್ಷೆಗಳ ಷರತ್ತು ಮೇಲ್ನೋಟಕ್ಕೆ ಸಮಾನವಾಗಿದ್ದರೂ ಕಪ್ಪು ಜನರನ್ನು ಹೊರಗಿಡುತ್ತಿತ್ತು. ಇಂಥಲ್ಲಿ ಕೌಂಟರಿನವರಿಗೆ ನೋಟಿಸ್ ಕೊಡುವುದು ಅನ್ಯಾಯ. ಸುತ್ತೋಲೆ ಹೊರಡಿಸಿದವರಿಗೆ ಬರೆಯಬೇಕು. ಬರೆಯುವ ಧೈರ್ಯ ಎಲ್ಲರಿಗೂ ಇರುವುದಿಲ್ಲ, ಅದು ಬೇರೆ ಮಾತು.

ಈಗ ಸಿಬ್ಬಂದಿಯ ಸರದಿ. ಆರೋಪದ ಪ್ರತಿಯನ್ನು ಮುಂಚೆಯೇ ಬರಹದಲ್ಲಿ ಕೊಟ್ಟು, ಉತ್ತರಕ್ಕೆ ಸಮಯ ಕೊಟ್ಟು, ಜೊತೆಗೊಬ್ಬರನ್ನು ಕರೆತರಲು ಬಿಟ್ಟು ಕೂರಿಸಬೇಕು. ವಿಚಾರಿಸುವವರು ಅವರ ನೇರ ಮೇಲಧಿಕಾರಿ ಆಗಿರಬಾರದು. ‘ನೀವು ತಾರತಮ್ಯ ಮಾಡಿದಿರಾ?’ ಎಂದು ನಾನು ಕೇಳುವುದೇ ಇಲ್ಲ. ‘ಏಳನೇ ಕಡತಕ್ಕೆ ವಾಸದ ದಾಖಲೆ ಯಾಕೆ ಕೇಳಿದಿರಿ? ಅದೇ ದಿನದ ಆರನೆಯದಕ್ಕೆ ಯಾಕೆ ಕೇಳಲಿಲ್ಲ?’ ಎಂದು ಎರಡೂ ಕಡತ ಮುಂದಿಟ್ಟು ಕೇಳುತ್ತೇನೆ. ‘ಸರ್ವರ್ ಡೌನ್ ಇತ್ತು’ ಎಂದರೆ ಲಾಗ್ ಹೇಳುತ್ತದೆ. ‘ಮೇಲಿನವರ ಆದೇಶ’ ಎಂದರೆ ಅದರ ಪ್ರತಿ ಕೊಡಲಿ. ‘ನನಗೆ ಆ ಸಮುದಾಯದ ಸ್ನೇಹಿತರಿದ್ದಾರೆ’ ಎಂಬುದು ಉತ್ತರವೇ ಅಲ್ಲ, ಆದರೂ ಹೇಳಿಕೆಯಲ್ಲಿ ಇರಲಿ. ಕೆಲವೊಮ್ಮೆ ವಿವರಣೆ ಸರಿಯಾಗಿಯೇ ಇರುತ್ತದೆ: ಆ ಮೂರೂ ವಿಳಾಸ ಬದಲಾದ ಅರ್ಜಿಗಳು, ನಿಯಮವೇ ಆ ದಾಖಲೆ ಕೇಳುತ್ತದೆ. ಆಗ ‘ಸಾಬೀತಾಗಿಲ್ಲ’ ಎಂದು ತೇಲಿಸದೆ ‘ನಿಯಮದಂತೆ ನಡೆದುಕೊಂಡಿದ್ದಾರೆ’ ಎಂದೇ ಬರೆಯಬೇಕು. ಅವರ ಸೇವಾ ದಾಖಲೆಯಲ್ಲಿ ಕಲೆ ಉಳಿಯಬಾರದು. ಅಳತೆಗೋಲು ಮಾತ್ರ ಕ್ರಿಮಿನಲ್ ಮೊಕದ್ದಮೆಯದಲ್ಲ, ಸಂಶಯಾತೀತ ಪುರಾವೆ ಬೇಕಿಲ್ಲ. ಯಾವ ಸಾಧ್ಯತೆ ಹೆಚ್ಚು ತೂಗುತ್ತದೆ ಎಂದು ನೋಡುವುದು.

ಕ್ರಮದ ವಿಷಯದಲ್ಲಿ ನನ್ನ ತಕರಾರು ವರ್ಗಾವಣೆಯ ಮೇಲೆ. ಅದರಿಂದ ದೂರು ಒಂದು ಕೌಂಟರಿನಿಂದ ಎದ್ದು ಇನ್ನೊಂದರಲ್ಲಿ ಕೂರುತ್ತದೆ, ಅಷ್ಟೇ.

ದೂರುದಾರರಿಗೆ ಕೊಡುವ ಹಿಂಬರಹದಲ್ಲಿ ‘ಸೂಕ್ತ ಕ್ರಮ ಕೈಗೊಳ್ಳಲಾಗಿದೆ’ ಎಂದಿದ್ದರೆ ಏನೂ ಹೇಳದಂತೆಯೇ. ಅವರು ಎತ್ತಿದ ಒಂದೊಂದು ಅಂಶಕ್ಕೂ ಏನು ನೋಡಿದೆವು, ಏನು ಕಂಡಿತು, ಏನು ಬದಲಾಯಿತು ಎಂಬ ಮೂರು ವಾಕ್ಯ ಸಾಕು. ಅದರ ಮೇಲೂ ಒಪ್ಪಿಗೆಯಾಗದಿದ್ದರೆ ಯಾರಿಗೆ ಮೇಲ್ಮನವಿ, ಎಷ್ಟು ದಿನದೊಳಗೆ ಎಂಬುದೂ ಇರಲಿ. ‘ನಿಮಗೆ ಬೇಸರವಾಗಿದ್ದಲ್ಲಿ ವಿಷಾದಿಸುತ್ತೇವೆ’ ಎಂಬುದು ಕ್ಷಮೆಯಲ್ಲ. ‘ನಿಮ್ಮಿಂದ ಬೇಡದ ದಾಖಲೆ ಕೇಳಿದ್ದು ನಮ್ಮ ತಪ್ಪು’ ಎಂಬುದು ಕ್ಷಮೆ.

ದೂರು ಕೊಟ್ಟವರು ಮತ್ತೆ ಅದೇ ಕಚೇರಿಗೆ ಬರಲೇಬೇಕು, ಸೇಡು ಶುರುವಾಗುವುದು ಆಗ. ಅವರ ಬಾಕಿ ಅರ್ಜಿಗಳ ಪಟ್ಟಿ ಮಾಡಿಕೊಂಡು 30ನೇ ದಿನ, 90ನೇ ದಿನ ಸ್ಥಿತಿ ನೋಡುತ್ತೇನೆ. ಸಾಕ್ಷಿ ಹೇಳಿದ ಸಹೋದ್ಯೋಗಿಗಳ ರಜೆ, ಪಾಳಿ, ಕೆಲಸದ ಹಂಚಿಕೆಯನ್ನೂ ಅವೇ ದಿನಗಳಲ್ಲಿ ನೋಡುತ್ತೇನೆ. ದೂರುಗಳ ರಿಜಿಸ್ಟರನ್ನು ಹೆಸರಿನ ಜೊತೆಗೆ ಕೌಂಟರಿನ ಪ್ರಕಾರವೂ ಜೋಡಿಸಿಡುವುದು ಒಳ್ಳೆಯದು. ಒಂದೇ ಕೌಂಟರಿನ ಮೇಲೆ, ಒಂದೇ ಬಗೆಯ ಮೂರನೇ ದೂರು ಬಂದ ದಿನ, ಸಾಬೀತಾಗದೆ ಮುಚ್ಚಿದ ಹಿಂದಿನ ಎರಡು ಕಡತಗಳ ತಖ್ತೆಯನ್ನೂ ತೆಗೆದು ಹೊಸದರ ಪಕ್ಕದಲ್ಲಿಟ್ಟು ಓದಬಹುದು.