ಟ್ರೆಬಲ್ ಕ್ಲೆಫ್: ‘ಜಿ’ ಗೆರೆ ಹಿಡಿದು ಓದಿ

ಪಾಶ್ಚಾತ್ಯ ಸಂಗೀತವನ್ನು ಬರೆಯುವ ಗೆರೆಸಾಲಿಗೆ ಸ್ಟಾಫ್ ಎನ್ನುತ್ತಾರೆ. ಅದರ ಐದು ಗೆರೆಗಳಿಗೆ ತಮ್ಮದೇ ಹೆಸರಿಲ್ಲ. ಎಡತುದಿಯ ಚಿಹ್ನೆ, ಅಂದರೆ ಕ್ಲೆಫ್, ನೋಡಿದ ಮೇಲೆಯೇ ಯಾವ ಗೆರೆ ಯಾವ ಸ್ವರವೆಂದು ಗೊತ್ತಾಗುವುದು. ವಯಲಿನ್, ಫ್ಲೂಟ್, ಟ್ರಂಪೆಟ್, ಗಿಟಾರ್, ಸಾಮಾನ್ಯವಾಗಿ ಪಿಯಾನೊದ ಬಲಗೈಗೂ ಬಳಸುವುದು ಟ್ರೆಬಲ್ ಕ್ಲೆಫ್.

ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸಬೇಕು. ಕ್ಲೆಫ್‌ನ ಒಳಸುರುಳಿ ಎರಡನೇ ಗೆರೆಯನ್ನು ಸುತ್ತಿಕೊಂಡಿರುತ್ತದೆ, ಅದೇ ‘ಜಿ’. ಮೇಲಿನಿಂದ ಎಣಿಸಿದರೆ ಎರಡನೆಯದಾಗಿ ಸಿಗುವುದು ‘ಡಿ’, ಅಲ್ಲಿಂದ ಮುಂದಿನದೆಲ್ಲ ತಪ್ಪು. ಕೈಯಲ್ಲಿ ಬರೆಯುವಾಗಲೂ ಸುರುಳಿಯನ್ನು ಈ ಗೆರೆಯಿಂದಲೇ ಶುರುಮಾಡಿ: ಮೂರನೇ ಗೆರೆ ಮುಟ್ಟಿ, ಇಳಿದು ಮೊದಲ ಗೆರೆ ತಾಗಿ, ಸ್ಟಾಫ್‌ನ ಮೇಲಕ್ಕೆ ಹೋಗಿ, ನೆಟ್ಟಗೆ ಕೆಳಗಿಳಿದು ಕೊಕ್ಕೆ.

‘ಜಿ’ ಗೊತ್ತಾದರೆ ಉಳಿದದ್ದು ಬರೀ ಹತ್ತುವುದು, ಇಳಿಯುವುದು. ಗೆರೆಯಿಂದ ಪಕ್ಕದ ಜಾಗಕ್ಕೆ ಒಂದು ಅಕ್ಷರ. ಮೇಲಕ್ಕೆ ‘ಎ’, ‘ಬಿ’, ‘ಸಿ’. ಕೆಳಕ್ಕೆ ‘ಎಫ್’, ‘ಇ’, ‘ಡಿ’. ಸ್ವರಗಳ ಹೆಸರು ‘ಎ’ಯಿಂದ ‘ಜಿ’ವರೆಗೆ ಮಾತ್ರ, ‘ಜಿ’ ಆದ ಮೇಲೆ ಮತ್ತೆ ‘ಎ’. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ: ಗೆರೆಯಿಂದ ಮುಂದಿನ ಗೆರೆಗೆ ಒಂದೇ ಹೆಜ್ಜೆ ಅಂದುಕೊಂಡು ನಡುವಿನ ಜಾಗವನ್ನು ನುಂಗಿಬಿಡುತ್ತಾರೆ. ಎರಡನೇ ಗೆರೆ ‘ಜಿ’ ಆದರೆ ಮೂರನೆಯದು ‘ಬಿ’, ‘ಎ’ ಅಲ್ಲ.

ಗೆರೆಗಳ ಹೆಸರು ನೆನಪಿಡಲು ಹೇಳಿಕೊಡುವ ಗಿಣಿಪಾಠದ ವಾಕ್ಯಗಳು ಮೊದಲ ವಾರಕ್ಕೆ ಸಾಕು, ಆಮೇಲೆ ಅಡ್ಡಿಯೇ. ಪ್ರತಿ ಸ್ವರಕ್ಕೂ ವಾಕ್ಯವನ್ನು ಮೊದಲಿಂದ ಹೇಳಿಕೊಳ್ಳುತ್ತ ಕೂತರೆ ಲಯ ಕೈತಪ್ಪುತ್ತದೆ. ಬದಲಿಗೆ ನಾಲ್ಕು ಗುರುತುಗಳು ಕಣ್ಣಿಗೆ ಬಿದ್ದ ಕೂಡಲೇ ತಿಳಿಯುವಂತಾಗಲಿ: ಸ್ಟಾಫ್‌ನ ಕೆಳಗಿನ ಒಂಟಿ ತುಂಡುಗೆರೆ ನಡುವೆ ಹಾದುಹೋಗುವ ಮಿಡಲ್ ಸಿ (ಪಿಯಾನೊದ ಮಧ್ಯಭಾಗದ ‘ಸಿ’), ಎರಡನೇ ಗೆರೆಯ ‘ಜಿ’, ಮೂರನೇ ಜಾಗದ ‘ಸಿ’, ಐದನೇ ಗೆರೆಯ ‘ಎಫ್’. ಬೇರೆ ಯಾವ ಸ್ವರ ಬಂದರೂ ಹತ್ತಿರದ ಗುರುತಿನಿಂದ ಎಣಿಸಿದರಾಯಿತು. ಸ್ಟಾಫ್‌ನೊಳಗಿದ್ದರೆ ಎರಡು ಹೆಜ್ಜೆಗಿಂತ ಹೆಚ್ಚು ಬೇಕಾಗುವುದಿಲ್ಲ.

ಕಾಗದದಲ್ಲಿ ಹೆಜ್ಜೆಗಳೆಲ್ಲ ಒಂದೇ ಅಳತೆಯವು, ಕಿವಿಗೆ ಹಾಗಲ್ಲ. ‘ಇ’–‘ಎಫ್’, ‘ಬಿ’–‘ಸಿ’ ನಡುವೆ ಅರ್ಧ ಸ್ವರದ ಅಂತರ, ಉಳಿದೆಡೆ ಪೂರ್ಣ. ಅರ್ಧ ಸ್ವರ ಏರಿಸುವ ಶಾರ್ಪ್, ಇಳಿಸುವ ಫ್ಲ್ಯಾಟ್ ಚಿಹ್ನೆ ಬಂದರೆ ಲೆಕ್ಕ ಬದಲಾಗುತ್ತದೆ. ಆದ್ದರಿಂದ ಕ್ಲೆಫ್ ಪಕ್ಕದ ಕೀ ಸಿಗ್ನೇಚರ್ (ಅಲ್ಲಿ ಬರೆದ ಶಾರ್ಪ್ ಅಥವಾ ಫ್ಲ್ಯಾಟ್ ಚಿಹ್ನೆಗಳ ಗುಂಪು) ನೋಡದೆ ನುಡಿಸಲು ತೊಡಗಬೇಡಿ.

ಗಿಟಾರ್ ನುಡಿಸುವವರಿಗೆ ಇನ್ನೊಂದು ಮಾತು. ಅದರ ಸ್ವರಗಳನ್ನು ಕೇಳಿಸುವುದಕ್ಕಿಂತ ಒಂದು ಆಕ್ಟೇವ್ (ಒಂದು ಸ್ವರದಿಂದ ಎಂಟನೆಯದಾಗಿ ಮತ್ತೆ ಬರುವ ಅದೇ ಅಕ್ಷರದವರೆಗಿನ ಅಂತರ) ಮೇಲೆ ಬರೆಯುತ್ತಾರೆ. ಮೂರನೇ ಜಾಗದ ‘ಸಿ’ ಕಂಡು ಎರಡನೇ ತಂತಿಯ ಮೊದಲ ಫ್ರೆಟ್ ಒತ್ತಿದರೆ ಕೇಳಿಸುವುದು ಪಿಯಾನೊದ ಮಿಡಲ್ ಸಿ. ಕೆಲವು ಮುದ್ರಣಗಳಲ್ಲಿ ಕ್ಲೆಫ್‌ನ ಬುಡದಲ್ಲಿ ಪುಟ್ಟ 8 ಇರುವುದು ಇದನ್ನೇ ತಿಳಿಸಲು. ಎಷ್ಟೋ ಪುಸ್ತಕಗಳಲ್ಲಿ ಅದೂ ಇರುವುದಿಲ್ಲ.